ಹದಿನೈದು ಲಕ್ಷ ಕಿಲೋಮೀಟರ್ ಆಚೆ ತಂಗಿಯ ಸ್ಕ್ರೂ

ನನಗೆ ನನ್ನ ತಂಗಿಯ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸುವ ಕಷ್ಟ ಬೇಡ. ಅವಳ ಒಡವೆಗಲ್ಲ, ಸೀರೆಗಲ್ಲ, ಗಂಡನಿಗಂತೂ ಅಲ್ಲವೇ ಅಲ್ಲ. ಅವಳು ಕೈಯಲ್ಲಿ ಹಿಡಿದು ನೋಡಿದ ಕೆಲವು ಸ್ಕ್ರೂಗಳು ಈಗ ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನನ್ನು ನೋಡಲೆಂದೇ ಹೋದ ನೌಕೆಯಲ್ಲಿವೆ. ನನ್ನ ಹೊಟ್ಟೆ ಉರಿಯುವುದು ಆ ಸ್ಕ್ರೂಗಳಿಗೆ.

ನಾನಿರುವುದು ಗುಂಡ್ಲುಪೇಟೆಯಲ್ಲಿ. ತೆರಕಣಾಂಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದಾಗ ನನಗಿದ್ದ ಆಸೆ ಒಂದೇ, ಸೂರ್ಯನ ಬಗ್ಗೆ ಸಂಶೋಧನೆ ಮಾಡಬೇಕು. ಎರಡು ಸಲ ಪ್ರವೇಶ ಪರೀಕ್ಷೆ ಬರೆದೆ, ಎರಡು ಸಲವೂ ಆಗಲಿಲ್ಲ. ಮೂರನೇ ಸಲ ಬರೆಯುವ ಹೊತ್ತಿಗೆ ಮೇಷ್ಟ್ರ ಕೆಲಸದ ಆರ್ಡರ್ ಬಂತು, ಹೋಗಿ ಸೇರಿಕೊಂಡೆ. ಹದಿನೆಂಟು ವರ್ಷದಿಂದ ಅದೇ ಬಸ್ಸು, ಅದೇ ಕರಿಹಲಗೆ, ಅದೇ ಪಟ್ಟಿಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿ ತೋರಿಸುವ ಪ್ರಯೋಗ.

ಆದರೆ ಚಟ ಬಿಟ್ಟಿಲ್ಲ. ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಮೊಬೈಲಿನಲ್ಲಿ ಸೌರಮಾರುತದ ವೇಗ ನೋಡುತ್ತೇನೆ. ಬೇರೆಯವರು ರಾಶಿಫಲ ನೋಡುವ ಹಾಗೆ. ಸೂರ್ಯನಿಂದ ವಿದ್ಯುತ್ ತುಂಬಿದ ಕಣಗಳು ಸದಾ ಹೊರಗೆ ಬೀಸುತ್ತಲೇ ಇರುತ್ತವೆ. ಸಾಧಾರಣ ದಿನಗಳಲ್ಲಿ ಸೆಕೆಂಡಿಗೆ ನಾನೂರು ಕಿಲೋಮೀಟರ್, ಸೂರ್ಯ ಕೆರಳಿದ ದಿನ ಏಳುನೂರು, ಎಂಟುನೂರು. ಆ ಗಾಳಿ ಬರುವಾಗ ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಬರುತ್ತದೆ. ಅದು ದಕ್ಷಿಣಕ್ಕೆ ವಾಲಿದ್ದರೆ ಭೂಮಿಯ ಕಾಂತಕ್ಷೇತ್ರದೊಳಗೆ ನುಗ್ಗಲು ದಾರಿ ಸಿಗುತ್ತದೆ, ಉತ್ತರಕ್ಕೆ ವಾಲಿದ್ದರೆ ಅಷ್ಟೇನೂ ಆಗುವುದಿಲ್ಲ. ದಾರಿಯಲ್ಲಿ ನಿಂತ ನೌಕೆಗಳು ಇದನ್ನು ಅಳೆದು ಕಳಿಸುವುದರಿಂದ ನಮಗೆ ಸುಮಾರು ಒಂದು ಗಂಟೆ ಮೊದಲೇ ಗೊತ್ತಾಗುತ್ತದೆ. ಇದೆಲ್ಲ ನೋಡುತ್ತ ನಿಂತು ನಾನು ಎಷ್ಟೋ ಸಲ ಹಾಲು ಉಕ್ಕಿಸಿದ್ದೇನೆ. ಗುಂಡ್ಲುಪೇಟೆಯಲ್ಲಿ ಇದನ್ನು ದಿನಾ ನೋಡುವವಳು ನಾನೊಬ್ಬಳೇ ಇರಬೇಕು ಎಂಬ ಜಂಬ ಬೇರೆ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅಪ್ಪ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹಾಗಾಗಿ ಅವಳಿಗೆ ಪಾಠ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಮಾತಿಗೆ ಕೂತರೆ ಬಾಯಿ ಮುಚ್ಚದ ಹುಡುಗಿ, ಪುಸ್ತಕ ಕೊಟ್ಟು ಗಟ್ಟಿಯಾಗಿ ಓದು ಅಂದರೆ ಬೆವರುತ್ತಿದ್ದಳು. ಅಕ್ಷರಗಳು ಅವಳ ಕಣ್ಣಿಗೆ ಒಂದಕ್ಕೊಂದು ಕೂಡುತ್ತಿರಲಿಲ್ಲ. ಈಗಲೂ ಹಾಗೆಯೇ. ಯಾವ ಒತ್ತಕ್ಷರ ಬಂದರೆ ಎಲ್ಲಿ ನಿಲ್ಲುತ್ತಾಳೆ ಎಂಬುದು ನನಗೆ ಗೊತ್ತಿರುವಷ್ಟು ಅವಳಿಗೂ ಗೊತ್ತಿಲ್ಲ.

ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ದಾಟಿ ಐಟಿಐಯಲ್ಲಿ ಫಿಟ್ಟರ್ ಕಲಿತಳು. ಆ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಮದುವೆಯಾಗಿ ಚಾಮರಾಜನಗರಕ್ಕೆ ಹೋದಳು. ಅಲ್ಲಿಂದ ದಿನಾ ಕಂಪನಿ ಬಸ್ಸಿನಲ್ಲಿ ಬದನಗುಪ್ಪೆಗೆ ಹೋಗಿ, ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಕ್ರೂ, ಕ್ಲಾಂಪು, ಬ್ರಾಕೆಟ್ಟುಗಳನ್ನು ಪರೀಕ್ಷೆ ಮಾಡುವ ಕೆಲಸ ಮಾಡುತ್ತಿದ್ದಳು. ಬೇಸಾಯದ ಮೋಟಾರುಗಳಿಗೋ ಆಸ್ಪತ್ರೆಯ ಮಂಚಗಳಿಗೋ ಹೋಗುವ ಸಾಮಾನು. ಆಗ ನನಗೆ ಅವಳ ಮೇಲೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ, ಪಾಪ ಎನ್ನಿಸುತ್ತಿತ್ತು. ಪಾಪ ಎನ್ನಿಸಿಕೊಳ್ಳುವವರ ಜೊತೆ ಪ್ರೀತಿಯಿಂದ ಇರುವುದು ಬಹಳ ಸುಲಭ.

ಒಂದು ದಿನ ಫೋನ್ ಮಾಡಿದಳು. ಅವರ ಕಾರ್ಖಾನೆಗೆ ಹೊಸ ಕೆಲಸ ಬಂದಿದೆಯಂತೆ, ಯಾರಿಂದ ಯಾರಿಗೋ ಬಂದು ಕೊನೆಗೆ ಇವರ ಕೈಗೆ ತಲುಪಿದ್ದು. ಸೂರ್ಯನನ್ನು ನೋಡಲು ಹೋಗುವ ನೌಕೆಗೆ ಆರು ಮೀಟರ್ ಉದ್ದದ ಒಂದು ತೋಳು ಇರುತ್ತದೆ, ಕಾಂತಕ್ಷೇತ್ರ ಅಳೆಯುವ ಯಂತ್ರ ಆ ತೋಳಿನ ತುದಿಯಲ್ಲಿ ಇರುತ್ತದೆ, ಅದಕ್ಕೆ ಹಾಕುವ ಸ್ಕ್ರೂಗಳನ್ನು ಇವಳು ನೋಡಬೇಕು. ನೌಕೆಯ ಹೊಟ್ಟೆಯೊಳಗಿನ ತಂತಿ, ಮೋಟಾರುಗಳ ಕಾಂತ ಅಳತೆಯನ್ನು ಕೆಡಿಸಬಾರದೆಂದು ಯಂತ್ರವನ್ನು ಅಷ್ಟು ದೂರ ಇಡುತ್ತಾರೆ. ಹಾಗಿರುವಾಗ ಪಕ್ಕದ ಸ್ಕ್ರೂವಿಗೇ ಕಬ್ಬಿಣದ ಒಂದು ಚೂರು ಅಂಟಿಕೊಂಡಿದ್ದರೆ ಎಲ್ಲ ಮಣ್ಣುಪಾಲು. ಅದಕ್ಕೆ ಒಂದೊಂದು ಸ್ಕ್ರೂವನ್ನೂ ಒಂದು ಸೂಕ್ಷ್ಮ ಮೀಟರಿನ ಮುಂದೆ ಹಿಡಿದು ನೋಡಬೇಕಂತೆ.

ಅವಳು ಇದನ್ನು ಹೇಳುತ್ತಿದ್ದರೆ ನನಗೆ ಖುಷಿಯಾಗಲಿಲ್ಲ. ಎಷ್ಟೋ ವರ್ಷ ದಿನಾ ಬೆಳಿಗ್ಗೆ ನಾನು ಯಾವುದನ್ನು ನೋಡುತ್ತ ನಿಂತಿದ್ದೆನೋ ಅದು ಅವಳ ಮೇಜಿನ ಮೇಲೆ ಹೋಗಿ ಕೂತಿತ್ತು. ಅವಳನ್ನೇ ಹುಡುಕಿಕೊಂಡು ಹೋಗಿತ್ತು. ಕಾಂತಕ್ಷೇತ್ರ ಅಂದರೇನು ಎಂದು ಕೇಳಿದರೆ ಅವಳಿಗೆ ಒಂದು ವಾಕ್ಯ ಬರುವುದಿಲ್ಲ.

ಎರಡು ವಾರ ಕಳೆದು ಮತ್ತೆ ಫೋನ್.

"ಅಕ್ಕ, ಮೀಟ್ರು ಸುಮ್ ಸುಮ್ನೆ ಕುಣೀತದೆ. ಸ್ಕ್ರೂ ಇಟ್ರೂ ಕುಣೀತದೆ, ಎತ್ತಿದ್ರೂ ಕುಣೀತದೆ. ಎರಡು ನಿಮಿಷ ಸುಮ್ಗಿರ್ತದೆ, ಆಮೇಕೆ ಮತ್ತೆ ಶುರು. ಇಂಜಿನಿಯರ್ರು ಸ್ಕ್ರೂ ಎಲ್ಲ ಕೆಟ್ಟೋಗವೆ ಅಂತವ್ರೆ. ಒಂದು ಲಾಟೇ ಬಿಸಾಕ್ಬುಡ್ತರಂತೆ. ನಿಂಗೇನಾರ ಗೊತ್ತಾ?"

ಅವಳು ನನ್ನನ್ನು ಕೇಳಿದಳಲ್ಲ, ಅಷ್ಟಕ್ಕೇ ನಾನು ಅಟ್ಟಕ್ಕೇರಿದೆ. ಮೊಬೈಲಿನಲ್ಲಿ ಕಣ್ಣಾಡಿಸಿದೆ. ಆ ದಿನ ಸೌರಮಾರುತದ ವೇಗ ಸ್ವಲ್ಪ ಹೆಚ್ಚಿತ್ತು. ಅದು ಸೂರ್ಯನಿಂದ ಬಂದ ಕಾಂತೀಯ ಬಿರುಗಾಳಿ, ಭೂಮಿಯ ಕಾಂತಕ್ಷೇತ್ರ ಅಲುಗಾಡುತ್ತಿದೆ, ಅದಕ್ಕೆ ನಿಮ್ಮ ಮೀಟರು ಕುಣಿಯುತ್ತಿದೆ, ಹೋಗಿ ಹೇಳು ಎಂದು ಅರ್ಧ ಗಂಟೆ ಕೊರೆದೆ. ಅವಳು ಊಂ, ಊಂ ಎನ್ನುತ್ತ ಕೇಳಿಸಿಕೊಂಡು, ಮರುದಿನ ಬೆಳಿಗ್ಗೆ ಹತ್ತು ಜನರ ಮುಂದೆ ಹಾಗೇ ಹೇಳಿಬಿಟ್ಟಳು. ನಮ್ಮ ಅಕ್ಕ ಎಂ.ಎಸ್ಸಿ., ಅವಳು ಹೇಳಿದ್ದಾಳೆ ಎಂದೂ ಸೇರಿಸಿದಳಂತೆ. ಇಂಜಿನಿಯರುಗಳು ನಕ್ಕರು. ಬಿರುಗಾಳಿ ಬಂದರೆ ಮೀಟರು ಗಂಟೆಗಟ್ಟಲೆ ನಿಧಾನವಾಗಿ ಏರಿಳಿಯುತ್ತದೆ, ಹೀಗೆ ಎರಡೆರಡು ನಿಮಿಷಕ್ಕೆ ಎಗರುವುದಿಲ್ಲ. ಅದು ನನಗೂ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ದೊಡ್ಡದಾಗಿ ಏನಾದರೂ ಹೇಳುವ ಆತುರದಲ್ಲಿ ಮರೆತೆ.

ತಂಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಮೂರು ದಿನ ಮೀಟರಿನ ಮುಂದೆ ಕೂತು ತನ್ನನ್ನೇ ನೋಡಿಕೊಂಡಳು. ನೆಟ್ಟಗೆ ಕೂತರೆ ಮೀಟರು ಸುಮ್ಮನಿರುತ್ತದೆ, ಪುಸ್ತಕದಲ್ಲಿ ಬರೆಯಲು ಮುಂದಕ್ಕೆ ಬಾಗಿದರೆ ಕುಣಿಯುತ್ತದೆ. ಬಾಗಿದಾಗ ಮುಂದಕ್ಕೆ ಬರುವುದು ಏನು? ತಾಳಿ ಸರ. ಚಿನ್ನಕ್ಕೆ ಕಾಂತದ ಗೊಡವೆಯಿಲ್ಲ. ಆದರೆ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳು? ನಮ್ಮ ಕಡೆ ಹೆಂಗಸರು ಎಲ್ಲರೂ ಹೀಗೇ ಮಾಡುತ್ತೇವೆ, ಸೀರೆ ಜಾರಿದರೆ, ಹುಕ್ಕು ಕಿತ್ತರೆ, ಚಪ್ಪಲಿ ಬಾರು ಹರಿದರೆ ಇರಲಿ ಎಂದು ತಾಳಿ ಸರದಲ್ಲೋ ಬಳೆಯಲ್ಲೋ ನಾಲ್ಕೈದು ಪಿನ್ನು ನೇತಾಡುತ್ತಿರುತ್ತವೆ. ಅವಳದರಲ್ಲಿ ಆರು ಇದ್ದವು. ತೆಗೆದು ದೂರ ಇಟ್ಟಳು. ಬಾಗಿದಳು. ಮೀಟರು ಅಲುಗಲಿಲ್ಲ.

ಪಕ್ಕದ ಮೇಜಿನವರದನ್ನೂ ತೆಗೆಸಿದಳು. ತಲೆಗೆ ಸ್ಕಾರ್ಫ್ ಕಟ್ಟುವ ಒಬ್ಬ ಗೆಳತಿಗೆ ಪಿನ್ನಿಲ್ಲದೆ ಆಗುತ್ತಲೇ ಇರಲಿಲ್ಲ, ಅವಳಿಗೆ ಮನೆಯಿಂದ ದಾರದ ಕುಣಿಕೆ ಹೊಲಿದು ತಂದುಕೊಟ್ಟಳು. ಬಾಗಿಲಲ್ಲಿ ಒಂದು ಸ್ಟೀಲ್ ತಟ್ಟೆ ಬಂತು, ಒಳಗೆ ಹೋಗುವವರು ಅದರಲ್ಲಿ ಪಿನ್ನು ಉದುರಿಸಿ ಹೋಗಬೇಕು. ಕೆಟ್ಟಿವೆ ಎಂದು ಬಿಸಾಡಲು ಇಟ್ಟಿದ್ದ ಸ್ಕ್ರೂಗಳನ್ನು ಮತ್ತೆ ಪರೀಕ್ಷಿಸಿದರು. ಹೆಚ್ಚಿನವು ಸರಿಯಾಗಿಯೇ ಇದ್ದವು. ನಗರದಿಂದ ಬಂದಿದ್ದ ಗಂಡಸು ಇಂಜಿನಿಯರುಗಳಿಗೆ ಇದು ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ನನಗೆ ಹೊಳೆಯಬಹುದಿತ್ತು. ಅವಳ ಜೊತೆ ಫೋನಿನಲ್ಲಿ ಬಿರುಗಾಳಿಯ ಬಗ್ಗೆ ಭಾಷಣ ಬಿಗಿಯುವಾಗ ನನ್ನ ಸರದಲ್ಲೂ ಪಿನ್ನುಗಳು ನೇತಾಡುತ್ತಿದ್ದವು.

ನೌಕೆ ಹೋಯಿತು. ತನ್ನ ಜಾಗ ಸೇರಿತು, ತೋಳು ಚಾಚಿತು, ಅಳೆಯಲು ಶುರುಮಾಡಿತು. ಅವ್ವ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ನನಗೂ ಹೇಳಿದಳು, "ನಿನ್ ತಂಗಿ ಮಾಡಿದ್ದು ಸೂರ್ಯನ ಅತ್ರಕ್ಕೇ ಓಗ್ಬುಡ್ತಂತೆ ಕಣಮ್ಮಿ."

"ಸೂರ್ಯನ ಹತ್ತಿರ ಏನಿಲ್ಲ, ಸೂರ್ಯ ಇರೋದು ಹದಿನೈದು ಕೋಟಿ ಕಿಲೋಮೀಟರ್ ದೂರ. ಇದು ಹೋಗಿರೋದು ನೂರರಲ್ಲಿ ಒಂದು ಪಾಲು" ಎಂದೆ.

ಅವ್ವ ನನ್ನ ಮುಖ ನೋಡಿ, "ಒಂದು ಪಾಲಾದ್ರೂ ಓಯ್ತಲ್ಲ ಬುಡು" ಎಂದು ಒಳಗೆ ಹೋದಳು.

ಅಂದಿನಿಂದ ಬೆಳಿಗ್ಗೆ ಮೊಬೈಲ್ ನೋಡುವುದೇ ಒಂದು ಸಂಕಟವಾಯಿತು. ವೇಗ ನೋಡಿದರೆ ತಂಗಿ, ಕಾಂತಕ್ಷೇತ್ರ ಯಾವ ಕಡೆ ವಾಲಿದೆ ಎಂದು ನೋಡಿದರೆ ತಂಗಿ. ನಾನು ಇಷ್ಟು ವರ್ಷ ಗುಟ್ಟಾಗಿ ಇಟ್ಟುಕೊಂಡಿದ್ದ ಜಾಗದಲ್ಲಿ ಅವಳು ಹೇಳದೆ ಕೇಳದೆ ಬಂದು ಕೂತಿದ್ದಳು. ನೌಕೆ ಕೆಟ್ಟುಹೋಗಲಿ ಎಂದು ಒಂದು ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದೂ ಇದೆ. ವಿಜ್ಞಾನ ಓದಿದವಳು ಹೀಗೆ ಅಂದುಕೊಂಡೆನಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡೆ.

ವಿಷಯ ನಮ್ಮ ಹೆಡ್‌ಮಾಸ್ಟರ ಕಿವಿಗೂ ಬಿತ್ತು. "ಮೇಡಂ, ಈ ಸಲ ವಿಜ್ಞಾನ ದಿನಾಚರಣೆಗೆ ನಿಮ್ಮ ತಂಗೀನೇ ಮುಖ್ಯ ಅತಿಥಿಯಾಗಿ ಕರೀರಿ, ವಂದನಾರ್ಪಣೆ ನೀವೇ ಮಾಡಿ" ಎಂದರು. ಕೆಲಸಕ್ಕೆ ಸೇರಿದಾಗಿನಿಂದ ಆ ಕಾರ್ಯಕ್ರಮಕ್ಕೆ ಬ್ಯಾನರು ಕಟ್ಟಿಸಿದ್ದು, ಮೈಕು ಹಿಡಿದು ಹಲೋ ಹಲೋ ಅಂದದ್ದು ನಾನು. ವೇದಿಕೆಯ ಕುರ್ಚಿಯಲ್ಲಿ ಒಂದು ಸಲವೂ ಕೂತವಳಲ್ಲ. ಕರೆಯುತ್ತೇನೆ ಸಾರ್ ಎಂದೆ.

ತಂಗಿಗೆ ಹೆದರಿಕೆಯಾಯಿತು. "ಅಕ್ಕ, ಒಂದು ಪುಟ ಬರ್ಕೊಡು. ಚಿಕ್ ಚಿಕ್ ಮಾತಾಗಿರ್ಲಿ, ನಂಗೆ ಓದಕ್ಕಾಗಂಗೆ" ಎಂದು ಕೇಳಿಕೊಂಡಳು. ನಾನು ಮೂರು ಪುಟ ಬರೆದೆ. ಅಂತರಗ್ರಹ ಕಾಂತಕ್ಷೇತ್ರದ ಸದಿಶ ಘಟಕಗಳು ಎಂದು ಶುರುಮಾಡಿ, ಆವೇಶಿತ ಕಣಗಳ ಪ್ರಕ್ಷುಬ್ಧ ಪ್ರವಾಹ ಎಂದು ಮುಂದುವರಿಸಿ, ಎಲ್ಲಿ ಸಣ್ಣ ಪದ ಬಂತೋ ಅಲ್ಲಿ ಹೊಡೆದುಹಾಕಿ ದೊಡ್ಡದು ಹಾಕಿದೆ. ಅದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಏನನ್ನೂ ಬರೆದಿಲ್ಲ. ಬರೆಯುವಾಗ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಬಸ್ಸಿಳಿದ ತಂಗಿ ನೇರಳೆ ಬಣ್ಣದ ಸೀರೆ ಉಟ್ಟಿದ್ದಳು. ಕಾಗದವನ್ನು ಆಗ ಕೊಟ್ಟೆ, ಮೊದಲೇ ಓದಿ ನೋಡಿಕೊಳ್ಳಲು ಸಮಯ ಸಿಗದ ಹಾಗೆ. ಅವಳು ಬಿಚ್ಚಿ ಒಂದು ಸಲ ನೋಡಿ, ನನ್ನನ್ನು ನೋಡಿ, ಮಡಿಸಿ ಕೈಯಲ್ಲಿ ಹಿಡಿದುಕೊಂಡಳು.

ಮೈಕಿನ ಮುಂದೆ ನಿಂತು ಓದಲು ಹೊರಟಳು. "ಅಂ... ಅಂತರ... ಗ್ರ..." ಎಂದು ನಿಂತಳು. ಮತ್ತೆ ಮೊದಲಿಂದ ಶುರುಮಾಡಿ, ಅದೇ ಜಾಗದಲ್ಲಿ ಮತ್ತೆ ನಿಂತಳು. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನನಗಾದ ಸಂತೋಷವನ್ನು ಇಲ್ಲಿ ಬರೆಯಲೇಬೇಕು. ಎದೆಯೊಳಗೆ ತಣ್ಣಗಾಯಿತು. ಇಷ್ಟು ದಿನ ಉರಿಯುತ್ತಿದ್ದ ಜಾಗಕ್ಕೆ ಯಾರೋ ನೀರು ಹಾಕಿದ ಹಾಗಾಯಿತು.

ತಂಗಿ ಕಾಗದ ಮಡಿಸಿ ಮೇಜಿನ ಮೇಲಿಟ್ಟಳು. "ಮಕ್ಳಾ, ಇದ ನನ್ ಕೈಲಿ ಓದಕ್ಕಾಗದಿಲ್ಲ. ಬಾಯಲ್ಲೇ ಏಳ್ತೀನಿ, ಕೇಳ್ಕಳಿ" ಎಂದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. "ನಮ್ ಭೂಮಿ ಕಾಂತ ಒಂದು ಮೂಟೆ ಅಕ್ಕಿ ಅನ್ಕಳಿ. ಸೂರ್ಯನ ಗಾಳಿಲಿ ಬರೋ ಕಾಂತ ಒಂದು ಚಿಟಿಕೆ. ಆ ಚಿಟಿಕೆ ಅಳೆಯೋ ಯಂತ್ರದ ಪಕ್ಕದಲ್ಲಿ ಕಬ್ಬಿಣ ಇಟ್ರೆ, ಅದು ಕಬ್ಬಿಣನೇ ಸೂರ್ಯ ಅನ್ಕತದೆ" ಎಂದಳು. ನಾನು ಅಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಸರಿಯಾಗಿ ಹೇಳಲು ನನಗೆ ಬಂದಿರಲಿಲ್ಲ. ಮೂಟೆಗೂ ಚಿಟಿಕೆಗೂ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ, ತಪ್ಪು ಹುಡುಕಲು. ಲೆಕ್ಕ ಸರಿಯಾಗಿಯೇ ಇತ್ತು.

ಮುಂದಿನ ಸಾಲಿನಲ್ಲಿದ್ದ ಟೀಚರುಗಳನ್ನು ನಿಲ್ಲಿಸಿ, ಮೈಮೇಲಿನ ಪಿನ್ನುಗಳನ್ನೆಲ್ಲ ತೆಗೆದು ಕೊಡಿ ಎಂದು ಕೇಳಿದಳು. ಒಬ್ಬರು ಸರದಿಂದ, ಒಬ್ಬರು ಬಳೆಯಿಂದ, ನಗುತ್ತ ತೆಗೆದುಕೊಟ್ಟರು. ಒಂದು ಹಿಡಿಯಾಯಿತು. ಲ್ಯಾಬಿನಿಂದ ದಿಕ್ಸೂಚಿ ತರಿಸಿ, ಪಿನ್ನಿನ ಗೊಂಚಲನ್ನು ಅದರ ಹತ್ತಿರ ತಂದಳು. ಮುಳ್ಳು ಉತ್ತರವನ್ನು ಬಿಟ್ಟು ಪಿನ್ನಿನ ಕಡೆ ತಿರುಗಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ನೋಡಿದರು. ಮೀಟರು ಕುಣಿದದ್ದು, ಲಾಟು ಬಿಸಾಡಲು ಹೊರಟದ್ದು, ಎಲ್ಲ ಹೇಳಿದಳು. ಸೂರ್ಯನ ಬಿರುಗಾಳಿಯ ವಿಷಯ ಈಗ ಬರುತ್ತದೆ, ನನ್ನ ಮಾನ ಹೋಗುತ್ತದೆ ಎಂದು ನಾನು ಸೆರಗು ಹಿಡಿದುಕೊಂಡು ಕೂತೆ.

"ಮೂರು ದಿನ ನಂಗೆ ತಲೆ ಕೆಟ್ಟೋಗಿತ್ತು. ಆಮೇಕೆ ನಮ್ ಅಕ್ಕಂಗೆ ಫೋನ್ ಮಾಡ್ದೆ. ಅಕ್ಕ ಅಂದ್ಳು, ಮೊದ್ಲು ನಿನ್ ಮೈಮ್ಯಾಲೆ ಏನದೆ ನೋಡ್ಕಳಮ್ಮಿ ಅಂತ. ನೋಡ್ತೀನಿ, ಪಿನ್ನು. ನಿಮ್ ಮಿಸ್ ಏಳ್ದೆ ಇದ್ದಿದ್ರೆ ನಂಗೆಲ್ಲಿ ಗೊತ್ತಾಗದು."

ಇಡೀ ಸಭೆ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ಟರು ಎದ್ದು ನಿಂತು ತಟ್ಟಿದರು. ಕೂಡಲೇ ನನ್ನನ್ನು ವಂದನಾರ್ಪಣೆಗೆ ಕರೆದರು. ಮೈಕು ನನ್ನ ಕೈಯಲ್ಲಿತ್ತು. ಒಂದೇ ಒಂದು ಮಾತು ಸಾಕಿತ್ತು. ಮಾನ್ಯ ಅತಿಥಿಗಳಿಗೆ, ಮುಖ್ಯೋಪಾಧ್ಯಾಯರಿಗೆ, ಶಾಮಿಯಾನ ಹಾಕಿಕೊಟ್ಟವರಿಗೆ, ಎಲ್ಲರಿಗೂ ವಂದನೆ ಹೇಳಿ ಕೂತೆ.

ಸಂಜೆ ತೆರಕಣಾಂಬಿ ಬಸ್‌ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತ ನಿಂತೆವು. ತಂಗಿ ಕಡಲೆಕಾಯಿ ಕೊಂಡು ನನಗೂ ಅರ್ಧ ಕೊಟ್ಟಳು.

"ಆ ಕಾಗ್ದ ನನ್ ಕೈಲಿ ಓದಕ್ಕಾಗದಿಲ್ಲ ಅಂತ ನಿಂಗೆ ಗೊತ್ತಿತ್ತು, ಅಲ್ವಾ ಅಕ್ಕ?"

ಬಸ್ಸು ಬರುವ ದಿಕ್ಕಿಗೆ ನೋಡುತ್ತ, "ಗೊತ್ತಿತ್ತು" ಎಂದೆ.

ಅವಳು ಸಿಪ್ಪೆ ಸುಲಿಯುತ್ತಲೇ ಇದ್ದಳು. ನಾನೇ ಕೇಳಿದೆ, "ಮತ್ತೆ ನೀನ್ಯಾಕೆ ಹಂಗೆ ಸುಳ್ಳು ಹೇಳ್ದೆ?"

"ಕೆಳಗ್ ಕೂತಿದ್ಯಲ್ಲ, ನಿನ್ ಮುಖ ನೋಡ್ದೆ. ನಿಂಗೆ ಅದು ಬೋ ಬೇಕಾಗಿತ್ತು. ತಗಳ್ಲಿ ಅಂತ ಕೊಟ್ಬುಟ್ಟೆ."

"ನಿಂಗೆ ಬೇಡ್ವಾ?"

"ನಾನ್ ನೋಡಿದ್ ಸ್ಕ್ರೂ ಅಲ್ಲೋಗಿ ಕೂತದಲ್ಲ. ಯಾರ್ ಏನಂದ್ರೂ ಅದೇನು ವಾಪಸ್ ಬರದಿಲ್ಲ. ನಂಗಷ್ಟು ಸಾಕು ಕಣಕ್ಕ."

ಬಸ್ಸು ಬಂತು, ಹತ್ತಿ ಹೋದಳು. ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ತಡವಾಗಿ. ಆ ಹೊತ್ತಿಗೆ ಆದದ್ದು ಇನ್ನೂ ದೊಡ್ಡ ಹೊಟ್ಟೆಯುರಿ. ಸ್ಕ್ರೂ ಅವಳದು, ಪಿನ್ನು ಅವಳದು, ಮೂಟೆ ಅಕ್ಕಿಯ ಮಾತು ಅವಳದು, ಈಗ ಬಿಟ್ಟುಕೊಡುವ ದೊಡ್ಡತನವೂ ಅವಳದೇ ಆಯಿತು. ನನಗೆ ಉಳಿದದ್ದು ಅವಳು ಕೊಟ್ಟದ್ದು. ಬೇಡ ಎನ್ನುವಷ್ಟು ಸ್ವಾಭಿಮಾನವಾದರೂ ಇತ್ತೇ ಎಂದರೆ, ಅದೂ ಇರಲಿಲ್ಲ.

ಮಕ್ಕಳು ಆ ಕಥೆ ಹೇಳಿ ಮಿಸ್ ಎಂದು ಕೇಳುತ್ತಾರೆ, ಹೇಳುತ್ತೇನೆ. ಮೊದಮೊದಲು "ನನ್ನ ತಂಗಿ ಹೇಳಿದ ಹಾಗೆ" ಎಂದು ಶುರುಮಾಡುತ್ತಿದ್ದೆ. ಈಗ ಅದನ್ನೂ ಬಿಟ್ಟಿದ್ದೇನೆ. ಹೇಳಿ ಹೇಳಿ ಎಷ್ಟು ರೂಢಿಯಾಗಿದೆ ಎಂದರೆ, ಫೋನಿನಲ್ಲಿ ನಾನು ಹಾಗೆ ಅಂದದ್ದು ನನಗೇ ನೆನಪಿರುವಂತೆ ಅನ್ನಿಸುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಏಳನೇ ಕ್ಲಾಸು ಮುಗಿಸಿದ್ದಾಳೆ, ಓದುವುದರಲ್ಲಿ ಚುರುಕು. ಶಾಲೆಯಲ್ಲಿ ಬರೆದ ಪ್ರಬಂಧವೊಂದನ್ನು ತೋರಿಸಿದಳು, ನನ್ನ ದೊಡ್ಡಮ್ಮ ಎಂದು. ಸೂರ್ಯನನ್ನು ನೋಡಲು ಹೋದ ನೌಕೆಯ ಸ್ಕ್ರೂಗಳನ್ನು ನಮ್ಮ ದೊಡ್ಡಮ್ಮ ಉಳಿಸಿದರು, ಪಿನ್ನಿನ ತಪ್ಪು ಕಂಡುಹಿಡಿದದ್ದು ಅವರೇ, ನನ್ನ ಅಮ್ಮ ಅಲ್ಲಿ ಬರೀ ಸ್ಕ್ರೂ ಎಣಿಸುತ್ತಾರೆ, ನಾನು ದೊಡ್ಡಮ್ಮನ ಹಾಗೆ ಆಗುತ್ತೇನೆ ಎಂದು ದುಂಡಗೆ ಬರೆದಿದ್ದಳು. ಓದಿದೆ. ಎರಡು ಕಡೆ ಕಾಗುಣಿತ ತಿದ್ದಿದೆ. ಚೆನ್ನಾಗಿದೆ ಮಗಳೇ ಎಂದು ಹೇಳಿ ವಾಪಸ್ ಕೊಟ್ಟೆ.

ಅದಾದ ಮೇಲೆ, ನಡೆದದ್ದು ನಡೆದ ಹಾಗೆ ಒಂದು ಕಡೆ ಬರೆದುಬಿಡೋಣ, ಆ ಹುಡುಗಿ ದೊಡ್ಡವಳಾದ ಮೇಲಾದರೂ ಓದಲಿ ಎಂದು ಇದನ್ನು ಬರೆಯಲು ಕೂತೆ. ಬಿರುಗಾಳಿ ಎಂದದ್ದು ನಾನು, ಪಿನ್ನು ಕಂಡುಹಿಡಿದದ್ದು ನನ್ನ ತಂಗಿ. ಬರೆದು ಮುಗಿಸಿ ಮೊದಲಿನಿಂದ ಓದಿ ನೋಡಿದೆ. ಊರುಗಳ ಹೆಸರೆಲ್ಲ ಬರೆದಿದ್ದೇನೆ, ಗುಂಡ್ಲುಪೇಟೆ, ತೆರಕಣಾಂಬಿ, ಬದನಗುಪ್ಪೆ, ಒಂದನ್ನೂ ಬಿಟ್ಟಿಲ್ಲ. ಅವಳ ಹೆಸರು ಎಲ್ಲೂ ಇಲ್ಲ. ಈಗಲೂ ಸೇರಿಸಬಹುದು, ಮೂರೇ ಅಕ್ಷರ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಕೈ ಬರಲಿಲ್ಲ.